ಸವತಿಯ ಹೆಸರು

ಬಾಣಂತಿಗೆ ಕೇಳಿದಷ್ಟು ನೀರು ಕೊಡುವ ಮನೆ ರಾಯದುರ್ಗದ ಆ ಬೀದಿಯಲ್ಲಿ ಅದೊಂದೇ. ಉಳಿದ ಮನೆಗಳಲ್ಲಿ ಹೆತ್ತವಳಿಗೆ ಕಾಯಿಸಿ ಆರಿಸಿದ ನೀರನ್ನು ಊಟದ ಜೊತೆ ನಾಲ್ಕು ಗುಟುಕು ಅಳೆದು ಕೊಡುತ್ತಿದ್ದರು. ಹೆಚ್ಚು ಕುಡಿದರೆ ಮೈ ಊದಿಕೊಳ್ಳುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬ ನಂಬಿಕೆ. ಸಣ್ಣಕ್ಕ ಮಾತ್ರ ಹೊತ್ತುಹೊತ್ತಿಗೆ ತುಂಬಿದ ತಂಬಿಗೆ ತಂದು ಸೊಸೆಯ ಮಂಚದ ಪಕ್ಕ ಇಡುತ್ತಿದ್ದಳು.

"ಕುಡಿ ಹಂಪಕ್ಕಾ. ಹೊಟ್ಟಿ ತುಂಬ ಕುಡಿ."

ಪಕ್ಕದ ಮನೆಯ ಮುದುಕಿಗೆ ಇದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. "ಏನ್ರಿ ಸಣ್ಣಕ್ಕ, ಬಾಣಂತಿ ಏನು ಎಮ್ಮಿ ಏನ್ರಿ, ಹಿಂಗ ಕೊಡಗಟ್ಲೆ ಕುಡಸಾಕ?"

"ನನ್ನ ಸೊಸಿ, ನನ್ನ ನೀರು. ನಿನ್ನ ಸೊಸಿಗೆ ನೀ ಅಳದು ಹಾಕು ಹೋಗು."

ಮಂಚದ ಮೇಲಿದ್ದವಳಿಗೆ ನಿಜಕ್ಕೂ ಬಾಯಾರಿಕೆ ಇತ್ತು, ಕುಡಿದಳು. ಆದರೆ ಆ ನೀರು ತನಗೆ ಕೊಟ್ಟದ್ದಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳ ಹೆಸರು ಹಂಪಕ್ಕನಲ್ಲ, ಚಿತ್ತಮ್ಮ. ಮಡಕಶಿರಾದವಳು. ಹಂಪಕ್ಕ ಎಂದರೆ ಅವಳ ಗಂಡ ಜಂಬಯ್ಯನ ಮೊದಲ ಹೆಂಡತಿ. ಬೇಸಗೆಯಲ್ಲಿ ಗಂಡು ಹೆತ್ತು, ಕೂಸು ಉಳಿಯದೆ, ತನಗೂ ಜ್ವರ ಬಂದು ಇದೇ ಕೋಣೆಯಲ್ಲಿ ಮಲಗಿದ್ದಳು. ನೀರು ನೀರು ಎಂದು ಕೇಳಿದ್ದಳು. ಆಗ ಸಣ್ಣಕ್ಕ ಬೀದಿಯ ಎಲ್ಲರಂತೆ ನಾಲ್ಕು ಗುಟುಕು ಅಳೆದಿದ್ದಳು. ಜ್ವರ ಏರಿದ ಮೇಲೆ ಅದನ್ನೂ ನಿಲ್ಲಿಸಿದ್ದಳು. ಹಂಪಕ್ಕ ಸತ್ತಳು. ಆಮೇಲೆ ದೊಡ್ಡಾಸ್ಪತ್ರೆಯ ಕಾಂಪೌಂಡರೊಬ್ಬ, ಜ್ವರ ಬಂದವರಿಗೆ ನೀರೇ ಮೊದಲ ಔಷಧಿ ಎಂದು ಸಹಜವಾಗಿ ಹೇಳಿದ್ದು ಸಣ್ಣಕ್ಕನ ಕಿವಿಗೆ ಬಿದ್ದು ಅಲ್ಲೇ ಉಳಿದುಬಿಟ್ಟಿತ್ತು.

ಎರಡನೆಯ ಹೆಂಡತಿಯ ಕೊರಳಿಗೆ ಸತ್ತ ಸವತಿಯ ಹೆಸರಿನಲ್ಲಿ ಒಂದು ಸಣ್ಣ ಚಿನ್ನದ ಗುಂಡು ಕಟ್ಟುವುದು ಆ ಸೀಮೆಯಲ್ಲಿ ಎಲ್ಲರೂ ಮಾಡುವುದೇ. ಸಣ್ಣಕ್ಕನಿಗೆ ಅಷ್ಟು ಸಾಲಲಿಲ್ಲ. ಧಾರೆಯ ದಿನವೇ ಹೇಳಿದಳು: "ಇಕಿಗೆ ಅಕಿ ಹೆಸರೇ ಇರ್ಲಿ. ಸತ್ತಾಕಿ ಬಂದು ನೋಡಿದ್ರ, ನನ್ನ ಜಾಗದಾಗ ನಾನೇ ಅದೀನಿ ಅಂತ ಸಮಾಧಾನ ಆಗಬೇಕು." ಅಪ್ಪ ಅಮ್ಮ ಇಲ್ಲದ ಚಿತ್ತಮ್ಮನನ್ನು ಧಾರೆ ಎರೆದುಕೊಟ್ಟವನು ಅಣ್ಣ ಗೋಪಣ್ಣ. ಅವನು ತಂಗಿಯ ಕಡೆ ನೋಡಿ, "ಎಸರಿನಾಗೇನೈತೆ ಬಿಡವ್ವ, ಅನ್ನ ಬಟ್ಟೆಗೆ ಕಮ್ಮಿ ಮಾಡಾಕಿಲ್ಲ ಇವ್ರು" ಎಂದ. ಅಂದು ಮಡಕಶಿರಾದಲ್ಲಿ ಬಿಟ್ಟ ಹೆಸರು ಈ ಊರಿಗೆ ಬರಲೇ ಇಲ್ಲ.

ಅನ್ನ ಬಟ್ಟೆಗೆ ಕಡಿಮೆ ಇರಲಿಲ್ಲ, ನಿಜ. ಜಂಬಯ್ಯ ರೈಲ್ವೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಹಮಾಲರ ಮೇಸ್ತ್ರಿ. ಯುದ್ಧ ನಡೆಯುತ್ತಿದ್ದರಿಂದ ಸೀಮೆಎಣ್ಣೆಗೆ ಪರದಾಟವಿತ್ತೇ ಹೊರತು ಜೋಳಕ್ಕಲ್ಲ. ಆದರೆ ರಾಗಿ ಮುದ್ದೆ ಕಟ್ಟಿ ಬೆಳೆದ ಕೈಗೆ ಜೋಳದ ರೊಟ್ಟಿ ಬೇಗ ಒಲಿಯಲಿಲ್ಲ. ಒಲೆಯ ಮುಂದೆ ಕೂತ ಸೊಸೆಗೆ ಸಣ್ಣಕ್ಕ ಹೇಳುತ್ತಿದ್ದಳು, "ಹಂಪಕ್ಕಾ, ಹಂಗಲ್ಲ, ಹಂಪಕ್ಕ ತಟ್ಟಿದಂಗ ತಟ್ಟು." ಎರಡು ಹೆಸರೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಅದರಲ್ಲಿ ಅವಳಿಗೆ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ಒಮ್ಮೆ ಚಿತ್ತಮ್ಮ ಗಂಡನಿಗೆ ಊಟಕ್ಕೆ ಬಡಿಸುತ್ತ ಕೇಳಿದ್ದಳು, "ನನ್ನೆಸ್ರು ನಿಮಗಾದ್ರೂ ನೆಪ್ಪೈತಾ?"

ಜಂಬಯ್ಯ ರೊಟ್ಟಿ ಮುರಿಯುತ್ತ ನಕ್ಕಿದ್ದ. "ನಾ ನಿನ್ನ ಯಾವತ್ತು ಹೆಸರು ಹಿಡದು ಕರ್ದೀನಿ? ಏ ಅಂತೀನಿ, ಬರ್ತಿ. ಅಕಿನ್ನೂ ಹಂಗೇ ಕರೀತಿದ್ದೆ. ನಿಮ್ಮಿಬ್ಬರೊಳಗ ನಾ ಭೇದ ಮಾಡಿಲ್ಲ ನೋಡು."

ಆ ಊರಿನಲ್ಲಿ ಅವಳನ್ನು ಅವಳ ಹೆಸರಿನಿಂದ ಕರೆಯುತ್ತಿದ್ದುದು ಒಂದೇ ಒಂದು ಜೀವ. ಅದು ಹಂಪಕ್ಕನ ಮಗಳು, ಒಂಬತ್ತು ವರ್ಷದ ಮೈಲಾರಮ್ಮ. ಚಿತ್ತಮ್ಮ ಬಂದ ಹೊಸದರಲ್ಲಿ ಅಜ್ಜಿ "ಹಂಪಕ್ಕಾ" ಎಂದು ಕೂಗಿದಾಗಲೆಲ್ಲ ಹುಡುಗಿ ಬೆಚ್ಚಿ ಬಾಗಿಲ ಕಡೆ ನೋಡುತ್ತಿದ್ದಳು. ಬರುತ್ತಿದ್ದವಳು ಬೇರೆ. ಅವಳನ್ನು ಅವ್ವ ಎನ್ನಲು ಮನಸ್ಸಿಲ್ಲ, ಹಡೆದವಳ ಹೆಸರನ್ನು ಮಕ್ಕಳು ಬಾಯಲ್ಲಿ ಆಡುವಂತಿಲ್ಲ. ಹೀಗಾಗಿ ತಿಂಗಳುಗಟ್ಟಲೆ ಅವಳು ಏನೂ ಕರೆಯಲಿಲ್ಲ. ಒಂದು ದಿನ ಬಾವಿಯ ಬಳಿ ಬಟ್ಟೆ ಹಿಂಡುವಾಗ ಚಿತ್ತಮ್ಮನೇ ಹೇಳಿದಳು: "ನಿಮ್ಮವ್ವನ ಎಸರು ನಿಮ್ಮವ್ವಂದೇ ಕಣಮ್ಮಿ. ನಾನು ಚಿತ್ತಮ್ಮ. ಚಿತ್ತಕ್ಕ ಅನ್ನು."

ಹುಡುಗಿ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು. "ಅಜ್ಜಿ ಬಯ್ತಾಳ."

"ಅಜ್ಜಿ ಮುಂದೆ ಬ್ಯಾಡ."

ಅಂದಿನಿಂದ ಅಜ್ಜಿಯ ಕಿವಿಗೆ ಬೀಳದಷ್ಟು ದೂರದಲ್ಲಿ ಅವರಿಬ್ಬರೂ ಅಕ್ಕತಂಗಿಯರಂತೆ ಮಾತಾಡುತ್ತಿದ್ದರು.

ಚಿತ್ತಮ್ಮನಿಗೆ ಹುಟ್ಟಿದ್ದು ಹೆಣ್ಣುಕೂಸು. ದೀಪ ಹಚ್ಚುವ ಹೊತ್ತಿಗೆ ದಿನವೂ ಅಳು ಹಿಡಿಯುತ್ತಿತ್ತು. ಇಂಗು ತೇದು ಹಚ್ಚಿದರೂ, ದೃಷ್ಟಿ ತೆಗೆದರೂ ನಿಲ್ಲಲಿಲ್ಲ. ಸಣ್ಣಕ್ಕ ಕಣೇಕಲ್ಲಿನ ದಾರಿಯಲ್ಲಿ ಬೀಡುಬಿಟ್ಟಿದ್ದ ಕಣಿ ಹೇಳುವ ಮುದುಕಿಯ ಹತ್ತಿರ ಹೋಗಿ ಬಂದಳು. ಬಂದವಳು ಕಾಲಿಗೆ ನೀರನ್ನೂ ಹಾಕಿಕೊಳ್ಳದೆ ಕೂಸಿನ ಅಂಗಿ ಸರಿಸಿ ಎಡಭುಜ ನೋಡಿದಳು. ಅಲ್ಲಿ ಎಳ್ಳಿನಷ್ಟು ಕಪ್ಪು ಮಚ್ಚೆ ಇತ್ತು.

"ಐತಿ! ಸತ್ತಾಕೀಗೂ ಇಲ್ಲೇ ಇತ್ತು. 'ಆಯಮ್ಮೇ ವಚ್ಚಿಂದಿ' ಅಂದ್ಲು ಆ ಮುದುಕಿ. ಅಕಿನೇ ಬಂದಾಳಂತ."

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಸಣ್ಣಕ್ಕ ತೀರ್ಮಾನ ಹೇಳಿದಳು. ಬರುವ ಹುಣ್ಣಿಮೆಗೆ ಹೆಸರಿಡುವ ಶಾಸ್ತ್ರ. ಕೂಸಿನ ಹೆಸರು ಹಂಪಕ್ಕ.

ಜಂಬಯ್ಯ ಮಜ್ಜಿಗೆ ಸುರಿದುಕೊಳ್ಳುತ್ತ, "ಮತ್ತ ಇಕಿ?" ಎಂದು ಹೆಂಡತಿಯ ಕಡೆ ಗದ್ದ ಎತ್ತಿದ.

"ಒಂದು ಮನ್ಯಾಗ ಒಂದು ಹೆಸರಿನವ್ರು ಇಬ್ರು ಯಾಕ? ಇಕಿ ತನ್ನ ಹಳೇ ಹೆಸರು ಇಟ್ಕೊಳ್ಳಿ. ಏನದು? ಚಿತ್ತಮ್ಮ ಅಲ್ಲೇನು? ಅದಕ್ಕಾಗಿ ಅತ್ತಿದ್ದೂ ಉಂಟು. ಈಗ ತಗೋ."

ಕೋಣೆಯ ಒಳಗಿನಿಂದ ಚಿತ್ತಮ್ಮ ಆ ಮಾತು ಕೇಳಿದಳು. ಎರಡು ವರ್ಷದಲ್ಲಿ ಮೊದಲ ಸಲ ಅತ್ತೆಯ ಬಾಯಲ್ಲಿ ತನ್ನ ಹೆಸರು. ಅವಳು ಕೂಸನ್ನು ಎದೆಗೊತ್ತಿಕೊಂಡು ಸದ್ದಾಗದಂತೆ ಅತ್ತಳು. ಅದು ಸಂತೋಷದ ಅಳುವೇ. ಮಾರನೆಯ ದಿನ ಬಳೆಗಾರ್ತಿ ಬಂದು "ಹಂಪಕ್ಕ, ಹಸಿರು ತೊಡಸ್ಲೇನು?" ಎಂದಾಗ, "ನನ್ನೆಸ್ರು ಚಿತ್ತಮ್ಮ ಕಣಕ್ಕ" ಎಂದು ದೊಡ್ಡದಾಗಿ ಹೇಳಿದಳು. ಹೊರಗಿದ್ದ ಅತ್ತೆ ಬೈಯಲಿಲ್ಲ. ಆ ವಾರವೆಲ್ಲ ಅವಳಿಗೆ ಬಾಣಂತಿ ಖಾರವೂ ರುಚಿಯಾಯಿತು. ಕೂಸಿಗೆ ಆ ಹೆಸರು ಹೋಗುತ್ತದೆ ಎಂಬುದನ್ನು ಅವಳು ಯೋಚಿಸಲಿಲ್ಲವೆಂದಲ್ಲ. ಹೆಸರು ತಾನೇ, ಮಗು ಹುಟ್ಟಿನಿಂದಲೇ ಕೇಳಿಕೊಂಡು ಬಂದರೆ ಅದರದೇ ಆಗುತ್ತದೆ ಎಂದುಕೊಂಡಳು.

ಮೈಲಾರಮ್ಮ ಮಾತ್ರ ಅಜ್ಜಿ ತೀರ್ಮಾನ ಹೇಳಿದ ಆ ರಾತ್ರಿ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದಿದ್ದಳು.

"ಅಜ್ಜಿ, ಹಂಗಾದ್ರ ಕೂಸಿಗೆ ನಾ ಅವ್ವ ಅನಬೇಕೇನು?"

"ಅನಬೇಕು ಮತ್ತ. ನಿನ್ನ ಹಡದಾಕಿನೇ ಬಂದಾಳ. ದಿನಾ ಮುಂಜಾನಿ ಕಾಲು ಮುಟ್ಟು."

ಮುಂಜಾನೆ ಹುಡುಗಿ ಬೆರಳುದ್ದದ ಆ ಪಾದಗಳನ್ನು ಮುಟ್ಟಿ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ದಿನ ಹೋದಂತೆ ಅವಳು ಕೋಣೆಗೆ ಬರುವುದು ಕಡಿಮೆಯಾಯಿತು. ಬಂದರೂ ತೊಟ್ಟಿಲಿನಿಂದ ದೂರ ನಿಂತು ಕೂಸಿನ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದು ನೋಡುತ್ತಿದ್ದಳು. "ಯಾಕಮ್ಮಿ, ತೂಗು ಬಾ" ಎಂದರೆ, "ರೊಟ್ಟಿಗೆ ಕಟ್ಟಿಗಿ ತರಬೇಕು" ಎಂದು ಹೊರಡುತ್ತಿದ್ದಳು.

ಸಣ್ಣಕ್ಕನದು ಇದಕ್ಕೆ ವಿರುದ್ಧ. ಅವಳು ತೊಟ್ಟಿಲು ಬಿಟ್ಟು ಏಳುತ್ತಲೇ ಇರಲಿಲ್ಲ. ಎರೆಯುವಾಗ, ಸಾಂಬ್ರಾಣಿ ಹಿಡಿಯುವಾಗ, ಬಟ್ಟೆ ಸುತ್ತುವಾಗ ಒಂದೇ ಸಮನೆ ಮಾತು. "ಸಿಟ್ಟಾಗಿ ಹೋಗಿದ್ದಿ, ತಾಯಿ. ಬಂದಿಯಲ್ಲ, ಅಷ್ಟು ಸಾಕು. ಈ ಸಲ ನಿನ್ನ ಕಣ್ಣಾಗ ನೀರು ಬರಗೊಡೂದಿಲ್ಲ. ಏನು ಬೇಕು ಕೇಳು." ಕೂಸು ಆಕಳಿಸಿದರೂ ಅವಳಿಗೆ ಅದು ಉತ್ತರ. ಈಗ ಚಿತ್ತಮ್ಮನ ಮಂಚದ ಪಕ್ಕ ತಂಬಿಗೆ ಇಡುವುದನ್ನು ಅವಳು ಮರೆಯತೊಡಗಿದ್ದಳು. ಕೇಳಿದರೆ, "ನೀನೇ ಎದ್ದು ತಗೋ ಚಿತ್ತಮ್ಮ, ಕೈಕಾಲು ಗಟ್ಟಿ ಅದಾವಲ್ಲ" ಎನ್ನುತ್ತಿದ್ದಳು.

ಹುಣ್ಣಿಮೆಗೆ ಇನ್ನೂ ಕೆಲವು ದಿನ ಇರುವಾಗ ಒಂದು ಮಧ್ಯಾಹ್ನ ಚಿತ್ತಮ್ಮ ಹಿತ್ತಿಲಿಗೆ ಹೋಗಿದ್ದಳು. ತಿರುಗಿ ಬರುವಾಗ ಕೋಣೆಯಿಂದ ಉಸಿರು ಕಟ್ಟಿದಂಥ ಸಣ್ಣ ಸದ್ದು ಕೇಳಿಸಿತು. ಓಡಿ ಬಂದು ನೋಡಿದರೆ ತೊಟ್ಟಿಲ ಮುಂದೆ ಮೈಲಾರಮ್ಮ, ಅವಳ ಕೈಯಲ್ಲಿ ತಂಬಿಗೆ. ಕೂಸಿನ ಮುಖ, ಕೊರಳು, ಅಂಗಿ ಎಲ್ಲ ಒದ್ದೆ, ತುಟಿ ನೀಲಿ. ಬಾಯಿ ತೆರೆದಿತ್ತು, ದನಿ ಇರಲಿಲ್ಲ.

ಚಿತ್ತಮ್ಮ ಕೂಸನ್ನು ಎತ್ತಿ ಅಂಗೈ ಮೇಲೆ ಬೋರಲಾಗಿಸಿ ತಲೆ ತಗ್ಗಿಸಿ ಬೆನ್ನಿಗೆ ತಟ್ಟಿದಳು. ಮತ್ತೆ ತಟ್ಟಿದಳು. ಮೂಗಿನಿಂದ ಬಾಯಿಂದ ನೀರು ಬಂತು. ಆಮೇಲೆ, ತೀರಾ ತಡವಾಗಿ ಎನ್ನಿಸುವ ಹೊತ್ತಿಗೆ, ಕೂಸು ಅತ್ತಿತು.

"ಏನ್ ಮಾಡ್ದೆಯೇ! ಏನ್ ಮಾಡ್ದೆ!"

ಹುಡುಗಿ ಗೋಡೆಗೆ ಒತ್ತಿ ನಿಂತಿದ್ದಳು. "ನೀರು ಕೊಟ್ಟೆ, ಚಿತ್ತಕ್ಕ."

"ಎಳೇ ಕೂಸಿಗೆ ತಂಬಿಗೇಲಿ ನೀರ್ ಉಯ್ತಾರಾ?"

"ಅವತ್ತು ಕೇಳಿದ್ಲು. ಅಜ್ಜಿ ಚೆಂಬು ಗ್ವಾಡಿ ಮಾಡದಾಗ ಇಟ್ಟು, ಕೊಟ್ರ ನಿಮ್ಮವ್ವ ಸಾಯ್ತಾಳ ನೋಡು ಅಂದಿದ್ಲು. ಅವ್ವ ನನ್ನ ಕೈ ಹಿಡ್ಕೊಂಡು ಕೇಳಿದ್ರೂ ನಾ ಕೊಡ್ಲಿಲ್ಲ. ಆದ್ರೂ ಸತ್ಲು." ಹುಡುಗಿ ಮೂಗು ಒರೆಸಿಕೊಂಡಳು. "ಈಗ ಅದನ್ನ ಕೇಳಾಕೇ ಬಂದಾಳ. ದಿನಾ ಸಂಜಿಗೆ ಅದಕ್ಕೇ ಅಳ್ತಾಳ."

ಚಿತ್ತಮ್ಮ ಅವಳ ಕೈಯ ತಂಬಿಗೆ ತೆಗೆದು ಕೆಳಗಿಟ್ಟಳು. ಒಂದು ತೋಳಿನಲ್ಲಿ ಕೂಸು, ಇನ್ನೊಂದರಲ್ಲಿ ಅವಳನ್ನೂ ಹಿಡಿದುಕೊಂಡು ಮಂಚದ ಮೇಲೆ ಕೂತಳು.

ಸಣ್ಣಕ್ಕ ಮನೆಗೆ ಬಂದೊಡನೆ ಚಿತ್ತಮ್ಮ ನಡೆದದ್ದನ್ನು ಹೇಳಿದಳು. ಅತ್ತೆ ಮೊಮ್ಮಗಳಿಗೆ ಹೊಡೆದಾಳು, ಇಲ್ಲವೇ ಹೆದರಿ ಆ ಹೆಸರಿನ ಹುಚ್ಚು ಬಿಟ್ಟಾಳು ಎಂದುಕೊಂಡಿದ್ದಳು. ಎರಡೂ ಆಗಲಿಲ್ಲ. ಸಣ್ಣಕ್ಕನ ಕಣ್ಣುಗಳು ಅಗಲವಾದವು.

"ಕುಡಿದ್ಲೇನು?"

"ಅತ್ತೆ, ಉಸಿರು ನಿಂತಿತ್ತು ಕಣತ್ತೆ!"

"ಸ್ವಲ್ಪರ ಒಳಗ ಹೋತಿಲ್ಲೊ? ಮಗಳ ಕೈಲಿ ಕುಡಿಯಾಕ ಬಂದಾಳ, ಪಾಪ. ಹುಡುಗಿಗೆ ಕೊಡೂ ಪದ್ಧತಿ ಗೊತ್ತಿಲ್ಲ, ಅಷ್ಟೇ. ನಾಳಿಂದ ನಾ ಬಟ್ಟಿ ಅದ್ದಿ ಹನಿ ಹನಿ ಹಾಕ್ತೀನಿ. ಹೆಸರಿಟ್ಟ ಮ್ಯಾಲ ಬೆಳ್ಳಿ ಗಿಂಡ್ಯಾಗ ಕೊಡೂಣು."

ಸಂಜೆ ಶೆಡ್ಡಿನಿಂದ ಬಂದ ಗಂಡನಿಗೂ ಚಿತ್ತಮ್ಮ ಹೇಳಿದಳು. ಅವನು ಚೀಲ ಇಳಿಸಿ, ತೊಟ್ಟಿಲು ಇಣುಕಿ, "ಈಗ ಆರಾಮ ಐತಲ್ಲ" ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಅವ್ವನ ಮನಸ್ಸಿಗೂ ಒಂದು ಶಾಂತಿ ಬೇಕು. ನೀ ಕೂಸಿನ ಹತ್ರ ಇರು, ಮುಗೀತು" ಎಂದು ಕೈಕಾಲು ತೊಳೆಯಲು ಹೋದ.

ಅಂದಿನಿಂದ ಚಿತ್ತಮ್ಮ ಕೂಸನ್ನು ಕೆಳಗಿಳಿಸಲಿಲ್ಲ. ಉಣ್ಣುವಾಗಲೂ ತೊಡೆಯ ಮೇಲೆ, ಹಿತ್ತಿಲಿಗೂ ಸೆರಗಿನಲ್ಲಿ. ಆದರೆ ಎಷ್ಟು ದಿನ? ಇನ್ನೊಂದು ತಿಂಗಳಿಗೆ ತಾನು ಒಲೆಯ ಮುಂದೆ, ಬಾವಿಯ ಮುಂದೆ ಇರಬೇಕು. ಕೂಸು ಅಜ್ಜಿಯ ತೊಡೆಯ ಮೇಲಿರುತ್ತದೆ. ಇಷ್ಟಕ್ಕೇ ಮುಗಿಯುವ ಮಾತೂ ಅಲ್ಲ ಅದು. ಅತ್ತೆಗೆ ಸತ್ತವಳ ಋಣ ತೀರಿಸಬೇಕು, ಮೈಲಾರಮ್ಮನಿಗೆ ಸತ್ತವಳ ಭಯ. ಎರಡಕ್ಕೂ ಈ ಅಂಗೈಯಗಲದ ಮೈಯೇ ಜಾಗ. ಆ ಹೆಸರು ಹೊತ್ತು ಎರಡು ವರ್ಷ ಬಾಳಿದ ತನಗೆ ಅದರ ಭಾರ ಗೊತ್ತು. ತಾನಾದರೂ ಬೆಳೆದು ಗಟ್ಟಿಯಾದ ಮೇಲೆ ಹೊತ್ತಿದ್ದಳು.

ಹೆಸರಿಡುವ ಶಾಸ್ತ್ರದ ಹಿಂದಿನ ದಿನ ಗೋಪಣ್ಣ ಬಂದ. ಕಲ್ಯಾಣದುರ್ಗದವರೆಗೆ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು, ಅದು ಏರಿನಲ್ಲೆಲ್ಲ ನಿಂತು ಇಳಿದು ತಳ್ಳಿಸಿಕೊಂಡಿತಂತೆ, ಅಲ್ಲಿಂದ ಗಾಡಿ. ರಾಗಿ ಹಿಟ್ಟು, ಬೆಲ್ಲ, ಹುಣಸೆಹಣ್ಣು ಹೊತ್ತು ತಂದಿದ್ದ.

"ಚಿತ್ತೀ! ಇನ್ಮೇಲೆ ಈ ಮನ್ಯಾಗೂ ಚಿತ್ತಮ್ಮನೇ ಅಂತಲ್ಲವ್ವ. ನಿಮ್ಮತ್ತೆ ಹೇಳಿದ್ರು. ನಂಗೂ ಒಂದು ಭಾರ ಇಳೀತು ಕಣವ್ವ. ಅವತ್ತು ನಾನು ಸುಮ್ಕಿರಬಾರದಾಗಿತ್ತು."

ಚಿತ್ತಮ್ಮ ಅವನ ಮುಂದೆ ಮಜ್ಜಿಗೆ ಇಟ್ಟಳು. "ಅಣ್ಣ, ನಮ್ ಕಡೆ ಬದುಕಿರೋರ ಎಸರು ಮಕ್ಕಳಿಗೆ ಇಡಾಕಿಲ್ಲ, ಅಲ್ವಾ?"

"ಎಲ್ಲಾದ್ರೂ ಉಂಟಾ? ಆಯಸ್ಸು ಕಮ್ಮಿ ಆಗ್ತೈತೆ ಅಂತಾರೆ. ಯಾಕೆ?"

"ಸುಮ್ಕೆ ಕೇಳ್ದೆ."

ಮರುದಿನ ನಡುಮನೆಯಲ್ಲಿ ಹೆಂಗಸರು ತುಂಬಿದರು. ತೊಟ್ಟಿಲಿಗೆ ಬೇವಿನ ಸೊಪ್ಪು ಕಟ್ಟಿ, ಕಡಲೆ ಗುಗ್ಗರಿ ಬೇಯಿಸಿ ಇಟ್ಟಿತ್ತು. ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಜಂಬಯ್ಯನ ಅಕ್ಕ ತಿಪ್ಪಕ್ಕ. ಬೆಳುಗುಪ್ಪದಿಂದ ಅದಕ್ಕೆಂದೇ ಬಂದಿದ್ದಳು. ಅವಳು ಸೆರಗು ಸಿಕ್ಕಿಸಿ ತೊಟ್ಟಿಲ ಮೇಲೆ ಬಗ್ಗುತ್ತಿದ್ದಂತೆ ಚಿತ್ತಮ್ಮ ಕೂಸಿನ ಕಿವಿಯನ್ನು ಅಂಗೈಯಿಂದ ಮುಚ್ಚಿದಳು.

"ಆ ಎಸರು ಬ್ಯಾಡ, ಅತ್ತಿಗೆ."

"ಅಯ್ಯ, ಯಾಕವ್ವ?"

"ಅದು ನಂದು. ಹಂಪಕ್ಕ ನಾನು."

ಸಣ್ಣಕ್ಕ ಆರತಿ ತಟ್ಟೆ ಕೆಳಗಿಟ್ಟಳು. "ಏನಂದಿ? ಎರಡು ವರ್ಷ ಕರದ್ರ ಒಂದು ದಿನಾ ಮನಸಾರೆ ಓ ಅಂದಾಕಿ ಅಲ್ಲ ನೀ. ಕೊಡ್ತೀನಿ ಅಂದಾಗ ತಗೊಂಡು ಬಳಿಗಾರ್ತಿ ಮುಂದ ಸಾರಿದಾಕಿ, ಈಗ ಬ್ಯಾಡಂತಿ?"

"ಇವತ್ತಿಂದ ಓ ಅಂತೀನಿ." ಚಿತ್ತಮ್ಮನ ಕೈ ಕೂಸಿನ ಕಿವಿಯ ಮೇಲೇ ಇತ್ತು. "ಧಾರೆ ದಿನ ನೀವೇ ಅವಳನ್ನ ನನ್ನೊಳಗೆ ಕರೆದ್ರಿ. ಅವಳು ಬಂದವ್ಳೆ. ಇಲ್ಲೇ ಅವ್ಳೆ. ನಾನು ಬದುಕಿರುವಾಗ ಕೂಸಿನಾಗೆ ಬರಾಕೆ ಎಂಗಾಗ್ತೈತೆ? ಬದುಕಿರೋರ ಎಸರು ಇಟ್ರೆ ಕೂಸಿಗೆ ಆಯಸ್ಸು ಇರಾಕಿಲ್ಲ."

ಪಕ್ಕದ ಮನೆಯ ಮುದುಕಿ ತಲೆಯಾಡಿಸಿದಳು. "ಖರೇ ಐತ್ರಿ ಸಣ್ಣಕ್ಕ. ಹಂಗ ಇಡಬಾರ್ದು." ಮತ್ತಿಬ್ಬರು ಹೌದೆಂದರು. ಆಯಸ್ಸಿನ ಮಾತು ಬಂದ ಮೇಲೆ ಯಾರೂ ಎದುರಾಡಲಿಲ್ಲ. ಜಂಬಯ್ಯ ಬಾಗಿಲ ಆಚೆ ನಿಂತು ನೆಲ ನೋಡುತ್ತಿದ್ದ. ಗೋಪಣ್ಣ ತಂಗಿಯನ್ನು ನೋಡಿ ಬಾಯಿ ತೆರೆದ; ಅವಳು ಕಣ್ಣಿನಲ್ಲೇ ಬೇಡವೆಂದಳು.

ಸಣ್ಣಕ್ಕ ಬಹಳ ಹೊತ್ತು ಸೊಸೆಯ ಮುಖವನ್ನೇ ದಿಟ್ಟಿಸಿದಳು. ಕೊನೆಗೆ, ಪರೀಕ್ಷೆ ಮಾಡುವವಳಂತೆ, ಮೆಲ್ಲಗೆ ಕರೆದಳು.

"ಹಂಪಕ್ಕಾ?"

"ಓ, ಅತ್ತೆ."

"ಮುಂದ ಯಾವತ್ತೂ ಈ ಮಾತು ತಿರುವಬಾರ್ದು. ಒಮ್ಮೆ ಆ ಹೆಸರು, ಒಮ್ಮೆ ಈ ಹೆಸರು ಅಂದ್ರ ನಾ ಕೂಸಿಗೇ ಇಡ್ತೀನಿ."

"ತಿರುವಾಕಿಲ್ಲ."

ತಿಪ್ಪಕ್ಕನಿಗೆ ಬಗ್ಗಿ ಬಗ್ಗಿ ನಡು ನೋವು ಬಂದಿತ್ತು. "ಊರ ದೇವ್ರು ವೆಂಕಟರಮಣ, ವೆಂಕಮ್ಮ ಅಂತ ಹೇಳ್ತೀನಿ. ನಮ್ಮ ಮನ್ಯಾಗ ಆ ಹೆಸರಿನವ್ರು ಯಾರೂ ಸತ್ತವರಿಲ್ಲ, ಬದುಕಿದವರಿಲ್ಲ" ಎಂದು, ಕೂಸಿನ ಕಿವಿಯಲ್ಲಿ ಆ ಹೆಸರನ್ನು ಮೂರು ಸಲ ಉಸುರಿದಳು. ಗುಗ್ಗರಿ ಹಂಚಿದರು.

ಈ ಎಲ್ಲ ಹೊತ್ತೂ ಮೈಲಾರಮ್ಮ ಕಂಬದ ಪಕ್ಕ ನಿಂತಿದ್ದಳು. ಹೆಂಗಸರೆಲ್ಲ ಹೋದ ಮೇಲೆ ಚಿತ್ತಮ್ಮ ಅವಳಿಗಾಗಿ ತೆಗೆದಿರಿಸಿದ್ದ ಗುಗ್ಗರಿ ಹಿಡಿದು ಹೋದಳು. ಹುಡುಗಿ ತೆಗೆದುಕೊಳ್ಳಲಿಲ್ಲ.

"ಬಾವಿ ಹತ್ರ ಏನಂದಿದ್ದಿ? ನಮ್ಮವ್ವನ ಹೆಸರು ನಮ್ಮವ್ವಂದೇ ಅಂದಿದ್ದಿ."

"ಅಂದಿದ್ದೆ ಕಣಮ್ಮಿ. ಕೂಸಿಗೋಸ್ಕರ..."

"ಮತ್ತ ಇನ್ನ ಮ್ಯಾಲ ನಿನ್ನ ಏನಂತ ಕರೀಲಿ?"

ಬೆನ್ನ ಹಿಂದೆ ಸಣ್ಣಕ್ಕ ಚಾಪೆ ಸುತ್ತುತ್ತಿದ್ದಳು. ಸುತ್ತುವ ಸದ್ದು ನಿಂತದ್ದು ಚಿತ್ತಮ್ಮನಿಗೆ ಕೇಳಿಸಿತು. ಅತ್ತೆ ಉತ್ತರಕ್ಕೆ ಕಾಯುತ್ತಿದ್ದಳು.

"ಅವ್ವ ಅನ್ನು" ಎಂದಳು ಚಿತ್ತಮ್ಮ.

ಹುಡುಗಿ ತಲೆ ಅಲ್ಲಾಡಿಸಿದಳು. ಸಿಟ್ಟಿನಿಂದಲ್ಲ, ಆಗದ ಕೆಲಸಕ್ಕೆ ಆಗುವುದಿಲ್ಲ ಎಂದು ಹೇಳುವಂತೆ. ಆಮೇಲೆ ಗುಗ್ಗರಿ ತೆಗೆದುಕೊಂಡು ಅಡಿಗೆಮನೆಗೆ ಹೋದಳು.

ಮಾರನೆಯ ದಿನ ಗೋಪಣ್ಣ ಹೊರಟ. ಬೀದಿಯ ತಿರುವಿನಲ್ಲಿ ಗಾಡಿ ಹತ್ತಿ, "ಬತ್ತೀನಿ ಚಿತ್ತೀ!" ಎಂದು ಕೂಗಿದ. ಸಣ್ಣಕ್ಕ ಬಾಗಿಲಲ್ಲೇ ಇದ್ದಳು. ಚಿತ್ತಮ್ಮ ತಿರುಗಿ ನೋಡಲಿಲ್ಲ. ಅವನು ಇನ್ನೊಮ್ಮೆ ಕೂಗಿದ, ಆಮೇಲೆ ಅರ್ಥವಾಗಿರಬೇಕು, ಸುಮ್ಮನಾದ.

ಬಾಣಂತನ ಮುಗಿದು ಚಿತ್ತಮ್ಮ ಕೆಲಸಕ್ಕೆ ಇಳಿದಳು. ಅತ್ತೆ ಕರೆದಾಗಲೆಲ್ಲ ಮೊದಲ ಕೂಗಿಗೇ ಓ ಎನ್ನುತ್ತಿದ್ದಳು. ಸಣ್ಣಕ್ಕನಿಗೆ ಕೂಸು ಈಗ ಬರೀ ವೆಂಕಮ್ಮ, ಎಲ್ಲರ ಮನೆಯಲ್ಲೂ ಇರುವಂಥ ಒಂದು ಮೊಮ್ಮಗು. ತೂಗುತ್ತಿದ್ದಳು, ಬೇಸರ ಬಂದರೆ ಬಿಟ್ಟು ಏಳುತ್ತಿದ್ದಳು. ಸಂಜೆಯ ಅಳುವೂ ತಾನಾಗಿ ಕಡಿಮೆಯಾಯಿತು. ಮೈಲಾರಮ್ಮ ಹೆದರಿಕೆ ಬಿಟ್ಟು ತಂಗಿಯನ್ನು ಸೊಂಟಕ್ಕೆ ಏರಿಸಿಕೊಂಡು ಬೀದಿ ಸುತ್ತುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಚಿತ್ತಮ್ಮ ಹಿತ್ತಿಲ ಕೊನೆಯಲ್ಲಿ ಜೋಳ ಕೇರುತ್ತಿದ್ದಳು. ಬಿಸಿಲು ಜೋರಾಗಿತ್ತು. ಹಿತ್ತಿಲ ಬಾಗಿಲಲ್ಲಿ ಮೈಲಾರಮ್ಮ ಬಂದು ನಿಂತದ್ದು ಕಂಡಿತು. ಅಲ್ಲಿಂದಲೇ ಹೆಸರು ಹಿಡಿದು ಒಂದು ಕೂಗು ಹಾಕಿದರೆ ಕೇಳಿಸುತ್ತಿತ್ತು. ಅಜ್ಜಿ ಕಣೇಕಲ್ಲಿಗೆ ಹೋಗಿದ್ದಳು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಚಿತ್ತಮ್ಮ ಮೊರ ಆಡಿಸುವುದನ್ನು ನಿಲ್ಲಿಸಿ ಕಾದಳು.

ಹುಡುಗಿ ಬರಿಗಾಲಿನಲ್ಲಿ, ಕಾದ ನೆಲಕ್ಕೆ ಹೆಜ್ಜೆ ಎತ್ತಿ ಎತ್ತಿ ಇಡುತ್ತ, ಹಿತ್ತಿಲಿನ ಉದ್ದಕ್ಕೂ ನಡೆದು ಬಂದಳು. ಚಿತ್ತಮ್ಮನ ಎದುರಿಗೆ, ಅವಳು ನೋಡಲೇಬೇಕಾದ ಜಾಗದಲ್ಲಿ ನಿಂತಳು.

"ಕೂಸು ಎದ್ದೈತಿ" ಎಂದಳು. ಹೇಳಿ, ಬಂದ ದಾರಿಯಲ್ಲೇ ತಿರುಗಿ ಹೋದಳು.